ಆಯ್ಕೆ ಕಡಿಮೆ ಇರುವ ಕಡೆಗೆ ಮನೆ ಬದಲಿಸುವಾಗ: ಇಂಟರ್ನೆಟ್ ಮತ್ತು ಫೋನ್ ಸಂಪರ್ಕ ಆರಿಸುವ ಬಗೆ

ಮನೆ ಬದಲಿಸುವವರು ಸಾಮಾನ್ಯವಾಗಿ ನೀರು, ವಿದ್ಯುತ್ತು, ಬಾಡಿಗೆ ಕರಾರು ಇವನ್ನೆಲ್ಲ ವಿಚಾರಿಸಿ ಮುಗಿಸಿದ ಮೇಲಷ್ಟೇ ಇಂಟರ್ನೆಟ್ಟಿನ ಕಡೆ ಗಮನ ಹರಿಸುತ್ತಾರೆ. ನಾಲ್ಕೈದು ಕಂಪನಿಗಳು ಪೈಪೋಟಿಗೆ ಬಿದ್ದು ಸಂಪರ್ಕ ಕೊಡುವ ಬಡಾವಣೆಗಳಲ್ಲಿ ಹೀಗೆ ಮಾಡಿದರೆ ನಷ್ಟವೇನೂ ಇಲ್ಲ. ಆದರೆ ನಗರದ ಅಂಚಿನ ಹೊಸ ಬಡಾವಣೆ, ಗುಡ್ಡದ ತಪ್ಪಲಿನ ಹಳ್ಳಿ, ದ್ವೀಪ, ಹೊಲದ ನಡುವಿನ ಒಂಟಿಮನೆ ಇಂಥ ಕಡೆಗೆ ಹೋಗುವವರು ಈ ವಿಚಾರಣೆಯನ್ನು ಮುಂಗಡ ಕೊಡುವ ಮೊದಲೇ ಮುಗಿಸಿಕೊಳ್ಳುವುದು ಒಳ್ಳೆಯದು. ಅಂಥ ಕಡೆ ಸಿಗುವ ಪ್ರತಿಯೊಂದು ಸಂಪರ್ಕಕ್ಕೂ ಒಂದಲ್ಲ ಒಂದು ಊನ ಇದ್ದೇ ಇರುತ್ತದೆ. ಯಾವ ಊನ ನಿಮ್ಮ ದಿನನಿತ್ಯದ ಕೆಲಸಕ್ಕೆ ಅಡ್ಡ ಬರುತ್ತದೆ, ಯಾವುದನ್ನು ಸಹಿಸಿಕೊಂಡು ಹೋಗಬಹುದು ಎಂಬುದನ್ನು ಮೊದಲು ಗೊತ್ತುಮಾಡಿಕೊಂಡರೆ ವೇಗ, ದರ, ಕಂಪನಿ ಇವುಗಳ ತೀರ್ಮಾನ ತಾನಾಗಿಯೇ ಹಗುರವಾಗುತ್ತದೆ.

ಗೋಡೆಯವರೆಗೆ ಬಂದಿರುವುದು ಏನು?

ಕಂಪನಿಯ ಹೆಸರಿಗಿಂತ ಮೊದಲು ತಿಳಿಯಬೇಕಾದದ್ದು ಆ ಮನೆಗೆ ಯಾವ ಬಗೆಯ ತಂತಿ ಅಥವಾ ತರಂಗ ಮುಟ್ಟುತ್ತದೆ ಎಂಬುದು. ಬೇರೆ ಬೇರೆ ಹೆಸರಿನ ಕಂಪನಿಗಳು ಒಂದೇ ಕೇಬಲ್ಲನ್ನು ಬಾಡಿಗೆಗೆ ಪಡೆದು ಸೇವೆ ಮಾರುವುದು, ಹಲವು ಸಿಮ್ ಬ್ರ್ಯಾಂಡುಗಳು ಒಂದೇ ಟವರಿನ ಮೇಲೆ ನಡೆಯುವುದು ತೀರ ಸಾಮಾನ್ಯ. ಹಾಗಿದ್ದಾಗ ಕಾಗದದ ಮೇಲೆ ಐದು ಆಯ್ಕೆಗಳು ಕಂಡರೂ ನಿಜಕ್ಕೂ ಇರುವುದು ಎರಡೇ ಆಗಿರಬಹುದು.

ಕಂಪನಿಗಳು ಪ್ರಕಟಿಸುವ ವ್ಯಾಪ್ತಿ ನಕ್ಷೆಗಳನ್ನು ಮೊದಲ ಜರಡಿಯಾಗಿ ಮಾತ್ರ ಬಳಸಬೇಕು. ನಕ್ಷೆಯಲ್ಲಿ ಇಡೀ ಊರಿಗೆ ಒಂದೇ ಬಣ್ಣ ಬಳಿದಿರುತ್ತದೆ. ನೀವು ಹೋಗುವ ಮನೆ ಗುಡ್ಡದ ಹಿಂಬದಿಗಿದೆಯೋ ರಸ್ತೆಯಿಂದ ಅರ್ಧ ಕಿಲೋಮೀಟರ್ ಒಳಗಿದೆಯೋ ಎಂಬುದು ಅದಕ್ಕೆ ಗೊತ್ತಿಲ್ಲ. ಆದ್ದರಿಂದ ಮನೆ ನೋಡಲು ಹೋದಾಗಲೇ ಗೋಡೆಯನ್ನೂ ನೋಡಿಕೊಂಡು ಬನ್ನಿ. ಚಿಕ್ಕ ಪೆಟ್ಟಿಗೆಯೊಂದರಿಂದ ತೆಳುವಾದ ಕೇಬಲ್ ಹೊರಬಂದು ಅದರ ತುದಿಯಲ್ಲಿ ಹಸಿರು ಬಣ್ಣದ ಚೌಕ ಪ್ಲಗ್ ಇದ್ದರೆ ಅಲ್ಲಿಗೆ ಫೈಬರ್ ಬಂದಿದೆ ಎಂದು ಬಹುಮಟ್ಟಿಗೆ ನಂಬಬಹುದು. ನಡುವೆ ಸೂಜಿಯಂಥ ತಾಮ್ರದ ಮೊನೆಯಿದ್ದು ತಿರುಪಿ ಹಾಕುವ ದಪ್ಪ ಕೇಬಲ್ ಇದ್ದರೆ ಅದು ಟಿವಿ ಕೇಬಲ್ಲಿನ ಜಾಲ. ಹಳೆಯ ಫೋನ್ ಸಾಕೆಟ್ ಮಾತ್ರ ಇದ್ದರೆ ತಾಮ್ರದ ಜೋಡಿ ತಂತಿ. ಸಾಕೆಟ್ ಇದ್ದ ಮಾತ್ರಕ್ಕೆ ಅದರ ಹಿಂದಿನ ತಂತಿ ಜೀವಂತವಾಗಿದೆ ಎಂದು ತಿಳಿಯಬೇಕಾಗಿಲ್ಲ. ಹೊರಗಿನ ಕಂಬದಿಂದ ತಂತಿ ತುಂಡಾಗಿ ಜೋತುಬಿದ್ದಿರುವುದೂ ಉಂಟು.

ನಂತರ ಆ ಮನೆಯಲ್ಲಿ ಈಗ ಇರುವವರನ್ನೋ ಪಕ್ಕದ ಮನೆಯವರನ್ನೋ ಮಾತನಾಡಿಸಬೇಕು. "ನೆಟ್ ಚೆನ್ನಾಗಿದೆಯೇ?" ಎಂದು ಕೇಳಿದರೆ ಬರುವ ಉತ್ತರದಿಂದ ಹೆಚ್ಚು ತಿಳಿಯುವುದಿಲ್ಲ, ಏಕೆಂದರೆ ಚೆನ್ನಾಗಿರುವುದು ಎಂದರೆ ಒಬ್ಬೊಬ್ಬರಿಗೆ ಒಂದೊಂದು. ಅದಕ್ಕಿಂತ ಹೀಗೆ ಕೇಳಿ: "ಹಿಂದಿನ ಸಲ ಮನೆಯ ಇಂಟರ್ನೆಟ್ ಹೋದಾಗ ಮೊಬೈಲ್ ನಡೆಯುತ್ತಿತ್ತೇ? ಸರಿಯಾಗಲು ಎಷ್ಟು ದಿನ ಹಿಡಿಯಿತು?" ಈ ಎರಡು ಪ್ರಶ್ನೆಗಳ ಉತ್ತರ ಯಾವ ಜಾಹೀರಾತಿಗಿಂತಲೂ ಹೆಚ್ಚು ಉಪಯುಕ್ತ, ಮೊದಲನೆಯದರ ಮಹತ್ವ ಮುಂದೆ ಫೋನಿನ ವಿಚಾರಕ್ಕೆ ಬಂದಾಗ ಇನ್ನಷ್ಟು ಸ್ಪಷ್ಟವಾಗುತ್ತದೆ.

"ಫೈಬರ್ ಬರುತ್ತದೆ" ಎಂಬ ಮಾತಿಗೂ "ಬಂದಿದೆ" ಎಂಬುದಕ್ಕೂ ಒಂದೆರಡು ವರ್ಷಗಳ ಅಂತರ ಇರಬಹುದು. ಬರಲಿರುವ ಸಂಪರ್ಕವನ್ನು ಲೆಕ್ಕಕ್ಕೆ ಹಿಡಿದು ಮನೆ ಆರಿಸಬಾರದು. ಹೊಸದಾಗಿ ಕೇಬಲ್ ಎಳೆಯಬೇಕಾದರೆ ಕಂಬ, ಅಗೆತ, ಅನುಮತಿ ಇವುಗಳ ಖರ್ಚು ಯಾರದು ಎಂಬುದನ್ನು ಪೂರ್ತಿ ವಿಳಾಸ ನಮೂದಿಸಿದ ಬರಹದಲ್ಲಿಯೇ ಪಡೆದುಕೊಳ್ಳಬೇಕು.

ಎಷ್ಟು ಬೇಕು ಎಂಬ ಲೆಕ್ಕ

ವೇಗವನ್ನು ಮೆಗಾಬಿಟ್‌ಗಳಲ್ಲಿ ಹೇಳುತ್ತಾರೆ, ಕಡತಗಳನ್ನು ಮೆಗಾಬೈಟ್‌ಗಳಲ್ಲಿ ಅಳೆಯುತ್ತಾರೆ. ಒಂದು ಬೈಟಿಗೆ 8 ಬಿಟ್. ಆದ್ದರಿಂದ 100 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. ಎಚ್‌ಡಿ ವಿಡಿಯೊ ನೋಡಲು ಸುಮಾರು 5 ಎಂಬಿಪಿಎಸ್, 4ಕೆ ವಿಡಿಯೊಗೆ 15ರಿಂದ 25 ಎಂಬಿಪಿಎಸ್ ಸಾಕು. ಒಳ್ಳೆಯ ಗುಣಮಟ್ಟದ ವಿಡಿಯೊ ಕರೆಗೆ ಎರಡೂ ದಿಕ್ಕಿನಲ್ಲಿ ತಲಾ 3–4 ಎಂಬಿಪಿಎಸ್ ಬೇಕು. ನಾಲ್ಕು ಜನರ ಮನೆಗೆ ಸ್ಥಿರವಾದ 50 ಎಂಬಿಪಿಎಸ್ ಸಿಕ್ಕರೆ ಕೊರತೆಯಾಗುವುದು ಅಪರೂಪ. ಅಮೆರಿಕದ ಸಂವಹನ ನಿಯಂತ್ರಣ ಆಯೋಗ 2024ರಲ್ಲಿ ಬ್ರಾಡ್‌ಬ್ಯಾಂಡ್ ಎನ್ನಿಸಿಕೊಳ್ಳಲು ಬೇಕಾದ ಮಟ್ಟವನ್ನು ಡೌನ್‌ಲೋಡ್ 100, ಅಪ್‌ಲೋಡ್ 20 ಎಂಬಿಪಿಎಸ್‌ಗೆ ಏರಿಸಿತು. ಅದನ್ನು ಆದರ್ಶದ ಗುರುತಾಗಿ ಇಟ್ಟುಕೊಳ್ಳಬಹುದೇ ಹೊರತು ಅದಕ್ಕಿಂತ ಕಡಿಮೆಯಾದರೆ ಜೀವನ ನಡೆಯದು ಎಂದೇನಲ್ಲ.

ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿರುವುದು ಡೌನ್‌ಲೋಡ್ ವೇಗ. ಮನೆಯಿಂದ ಕೆಲಸ ಮಾಡುವವರನ್ನು ಕಾಡುವುದು ಮಾತ್ರ ಅಪ್‌ಲೋಡ್ ಮತ್ತು ವಿಳಂಬ. ವಿಳಂಬ ಎಂದರೆ ನೀವು ಕಳಿಸಿದ ಸಂಕೇತ ಆಚೆ ತಲುಪಿ ಉತ್ತರ ಮರಳುವವರೆಗಿನ ಸಮಯ. ವೇಗ ಪರೀಕ್ಷೆಯ ಆ್ಯಪ್‌ಗಳಲ್ಲಿ ಪಿಂಗ್ ಎಂದು ಮಿಲಿಸೆಕೆಂಡುಗಳಲ್ಲಿ ತೋರಿಸುವುದು ಇದನ್ನೇ. ಮಾತುಕತೆ ಸಹಜವಾಗಿ ಸಾಗಬೇಕಾದರೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡಿನ ಒಳಗಿರಬೇಕು ಎಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು ಹೇಳುತ್ತದೆ. ಅದನ್ನು ಮೀರಿದಂತೆ ಇಬ್ಬರೂ ಒಟ್ಟಿಗೆ ಮಾತು ಶುರುಮಾಡಿ, ಒಟ್ಟಿಗೆ ನಿಲ್ಲಿಸಿ, "ನೀವು ಹೇಳಿ, ನೀವು ಹೇಳಿ" ಎನ್ನುವ ಪರಿಸ್ಥಿತಿ ಬರುತ್ತದೆ.

ಒಂದೊಂದರ ಗುಣ, ಒಂದೊಂದರ ಊನ

ಫೈಬರ್ ನಿಜವಾಗಿಯೂ ಮನೆಗೆ ಬಂದಿದ್ದರೆ ಹೆಚ್ಚು ಚರ್ಚೆ ಬೇಕಿಲ್ಲ. ಅದನ್ನು ಆರಿಸಿ, ಕಡಿಮೆ ದರದ ಪ್ಲಾನ್‌ನಿಂದ ಶುರುಮಾಡಿ. ಮನೆಗಳಿಗೆ ವ್ಯಾಪಕವಾಗಿ ಬಳಸುವ ಜಿಪಾನ್ ಎಂಬ ವ್ಯವಸ್ಥೆಯಲ್ಲಿ ಒಂದು ಎಳೆಯ ಮೇಲೆ ಸುಮಾರು 2.5 ಗಿಗಾಬಿಟ್ ಡೌನ್‌ಲೋಡ್, 1.25 ಗಿಗಾಬಿಟ್ ಅಪ್‌ಲೋಡ್ ಸಾಮರ್ಥ್ಯವಿದ್ದು, ಅದನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಸುಮಾರು 20 ಕಿಲೋಮೀಟರ್‌ವರೆಗೆ ದೂರ ಅದಕ್ಕೆ ಲೆಕ್ಕಕ್ಕಿಲ್ಲ, ಮಳೆ ತಾಗುವುದಿಲ್ಲ, ಗಾಜಿನ ಎಳೆ ವಿದ್ಯುತ್ತನ್ನು ಹರಿಸದ ಕಾರಣ ಸಿಡಿಲಿನ ಹೊಡೆತ ಅದರ ಮೂಲಕ ಮನೆಯೊಳಗೆ ಬರುವುದಿಲ್ಲ. ಇದರ ಊನ ಇರುವುದು ದುರಸ್ತಿಯಲ್ಲಿ. ಮರ ಬಿದ್ದೋ ರಸ್ತೆ ಅಗೆಯುವ ಯಂತ್ರ ತಗುಲಿಯೋ ಎಳೆ ತುಂಡಾದರೆ ಜೋಡಿಸುವ ಯಂತ್ರ ಹಿಡಿದು ತಂತ್ರಜ್ಞರೇ ಬರಬೇಕು. ಊರು ದೂರವಾದಷ್ಟೂ ಅವರು ಬರುವುದು ತಡ.

ಟಿವಿ ಕೇಬಲ್ಲಿನ ಮೇಲೆ ಬರುವ ಇಂಟರ್ನೆಟ್ಟಿನಲ್ಲಿ ಡೌನ್‌ಲೋಡ್ ಧಾರಾಳ, ಅಪ್‌ಲೋಡ್ ಬಿಗಿ. ಸಂಜೆ ಎಲ್ಲರೂ ಒಟ್ಟಿಗೆ ಬಳಸುವಾಗ ಕುಗ್ಗುವುದೂ ಇದರ ಸ್ವಭಾವ.

ತಾಮ್ರದ ಫೋನ್ ತಂತಿಯ ಮೇಲಿನ ಡಿಎಸ್‌ಎಲ್ ಈಗ ಹಳೆಯದೆಂಬ ತಾತ್ಸಾರಕ್ಕೆ ಒಳಗಾಗಿದೆ. ಆಯ್ಕೆ ಕಡಿಮೆ ಇರುವ ಕಡೆ ಅದನ್ನು ಹಾಗೆ ತಳ್ಳಿಹಾಕುವುದು ಆತುರವಾಗುತ್ತದೆ. ಇಲ್ಲಿ ಎಲ್ಲವೂ ತಂತಿಯ ಉದ್ದದ ಮೇಲೆ ನಿಂತಿದೆ. ಎಡಿಎಸ್‌ಎಲ್2+ ಎಂಬ ಬಗೆಗೆ ಗರಿಷ್ಠ 24 ಎಂಬಿಪಿಎಸ್ ಎಂದಿದ್ದರೂ ಎಕ್ಸ್‌ಚೇಂಜಿನಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಅದು ಕೆಲವೇ ಎಂಬಿಪಿಎಸ್‌ಗೆ ಇಳಿಯುತ್ತದೆ. ವಿಡಿಎಸ್‌ಎಲ್ ಇನ್ನೂ ವೇಗದ್ದಾದರೂ ರಸ್ತೆಬದಿಯ ಪೆಟ್ಟಿಗೆಯಿಂದ ಒಂದು ಕಿಲೋಮೀಟರ್ ಒಳಗಿರುವವರಿಗೆ ಮಾತ್ರ ಅದರ ಲಾಭ. ಮನೆಯಲ್ಲಿ ಮೋಡೆಮ್ ಈಗಾಗಲೇ ಇದ್ದರೆ ಅದರ ಸ್ಥಿತಿ ಪುಟದಲ್ಲಿ ಲೈನ್ ಅಟೆನ್ಯುಯೇಷನ್, ಅಂದರೆ ತಂತಿಯಲ್ಲಿ ಸಂಕೇತ ಎಷ್ಟು ಕುಂದುತ್ತದೆ ಎಂಬ ಸಂಖ್ಯೆಯನ್ನು ನೋಡಬಹುದು. ಅದು 20 ಡೆಸಿಬೆಲ್ ಸುತ್ತಮುತ್ತ ಇದ್ದರೆ ತಂತಿ ಚಿಕ್ಕದು, ಸಂತೋಷ; 60ನ್ನು ಮುಟ್ಟಿದ್ದರೆ ಆಸೆ ಬಿಡುವುದು ಲೇಸು. ಹಗಲೂ ರಾತ್ರಿ ಕದಲದೆ 30 ಎಂಬಿಪಿಎಸ್ ಕೊಡುವ ತಾಮ್ರದ ತಂತಿಯನ್ನು, ಮಧ್ಯಾಹ್ನ 200 ಎಂಬಿಪಿಎಸ್ ತೋರಿಸಿ ಸಂಜೆ ಹೊತ್ತಿಗೆ 5 ಎಂಬಿಪಿಎಸ್‌ಗೆ ಕುಸಿಯುವ 5ಜಿ ರೂಟರಿಗಾಗಿ ಬಿಟ್ಟುಕೊಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಮನೆಯ ಮೇಲೆ ಪುಟ್ಟ ಆಂಟೆನಾ ಕೂರಿಸಿ ದೂರದ ಗೋಪುರಕ್ಕೆ ನೇರ ಗುರಿಯಿಟ್ಟು ಕೊಡುವ ನಿಸ್ತಂತು ಸಂಪರ್ಕವನ್ನು ಸ್ಥಳೀಯವಾಗಿ ಸಣ್ಣ ಉದ್ಯಮಿಗಳು ನಡೆಸುವುದು ಹೆಚ್ಚು. ಗೋಪುರ ಕಣ್ಣಿಗೆ ಕಾಣುವಂತಿದ್ದರೆ ಇದು ಅಚ್ಚರಿಪಡುವಷ್ಟು ಚೆನ್ನಾಗಿ ನಡೆಯುತ್ತದೆ, ಕೆಟ್ಟರೆ ರಿಪೇರಿ ಮಾಡುವವರು ಅದೇ ಸೀಮೆಯವರಾಗಿರುತ್ತಾರೆ. ನಡುವೆ ಒಂದು ಮರದ ಸಾಲು ಇದ್ದರೂ ಚಿಗುರು ಬಿಡುವ ಕಾಲಕ್ಕೆ ಸಂಕೇತ ಕುಂದುತ್ತದೆ ಎಂಬುದನ್ನು ಮಾತ್ರ ಮರೆಯಬಾರದು.

ಮೊಬೈಲ್ ಜಾಲದ ಮೇಲೆ ನಡೆಯುವ 4ಜಿ, 5ಜಿ ಮನೆ ರೂಟರುಗಳ ಬಗ್ಗೆ ಹೆಚ್ಚು ವಿವರವಾಗಿ ಹೇಳಬೇಕು, ಏಕೆಂದರೆ ಹಲವರಿಗೆ ಕೊನೆಗೆ ಉಳಿಯುವ ಆಯ್ಕೆ ಇದೇ, ಮತ್ತು ಇದರಲ್ಲಿ ನಾವೇ ಅಳೆದು ನೋಡಬಹುದಾದದ್ದು ಬಹಳ ಇದೆ. ಫೋನಿನ ಮೇಲ್ತುದಿಯಲ್ಲಿ ಕಾಣುವ ಸಿಗ್ನಲ್ ಕಡ್ಡಿಗಳನ್ನು ನಂಬಬಾರದು. ಎಷ್ಟು ಸಿಗ್ನಲ್ಲಿಗೆ ಎಷ್ಟು ಕಡ್ಡಿ ಎಂಬುದನ್ನು ಒಬ್ಬೊಬ್ಬ ತಯಾರಕರು ಒಂದೊಂದು ಬಗೆಯಲ್ಲಿ ಗೊತ್ತುಮಾಡುತ್ತಾರೆ. ಆಂಡ್ರಾಯ್ಡ್ ಫೋನುಗಳಲ್ಲಿ ಸೆಟ್ಟಿಂಗ್ಸ್‌ನಲ್ಲಿ ಫೋನಿನ ಬಗೆಗಿನ ಭಾಗಕ್ಕೆ ಹೋಗಿ ಸಿಮ್ ಸ್ಟೇಟಸ್ ತೆರೆದರೆ ಸಾಮಾನ್ಯವಾಗಿ ಡಿಬಿಎಂ ಎಂಬ ಅಳತೆಯ ಋಣ ಸಂಖ್ಯೆಯೊಂದು ಕಾಣುತ್ತದೆ. ಐಫೋನಿನಲ್ಲಿ *3001#12345#* ಎಂದು ಡಯಲ್ ಮಾಡಿದರೆ ಪರೀಕ್ಷಾ ಪರದೆ ತೆರೆದುಕೊಳ್ಳುತ್ತದೆ. 4ಜಿಯಲ್ಲಿ ಆ ಸಂಖ್ಯೆ −80ರ ಆಸುಪಾಸಿನಲ್ಲಿದ್ದರೆ ಬಲವಾದ ಸಿಗ್ನಲ್, −100ರ ಹತ್ತಿರವಾದರೆ ಸುಮಾರು, −110ಕ್ಕಿಂತ ಕೆಳಗೆ ಹೋದರೆ ದುರ್ಬಲ. ಬೇರೆ ಬೇರೆ ಕಂಪನಿಗಳ ಪ್ರೀಪೇಯ್ಡ್ ಸಿಮ್‌ಗಳನ್ನು ಹಾಕಿಕೊಂಡು ಪ್ರತಿ ಕೋಣೆಯ ಕಿಟಕಿಯ ಬಳಿ, ಮಹಡಿಯ ಮೇಲೆ, ಮನೆಯ ನಾಲ್ಕೂ ಮೂಲೆಗಳಲ್ಲಿ ಒಂದೊಂದು ನಿಮಿಷ ನಿಂತು ಸಂಖ್ಯೆಯನ್ನು ಬರೆದುಕೊಂಡರೆ ರೂಟರ್ ಎಲ್ಲಿ ಇಡಬೇಕು, ಹೊರಗೆ ಆಂಟೆನಾ ಬೇಕೇ ಎಂಬುದೆಲ್ಲ ಅಲ್ಲೇ ತಿಳಿಯುತ್ತದೆ. ಅಂಗಳದಲ್ಲಿ −85 ಇದ್ದು ನಡುಮನೆಯಲ್ಲಿ −112 ಆಗುವುದು ವಿಶೇಷವೇನಲ್ಲ, ತಗಡಿನ ಮಾಡು ಮತ್ತು ಕಾಂಕ್ರೀಟ್ ಗೋಡೆ ಹಾಗೆಯೇ ಮಾಡುತ್ತವೆ.

ತರಂಗದ ಆವರ್ತನವೂ ಮುಖ್ಯ. 700ರಿಂದ 900 ಮೆಗಾಹರ್ಟ್ಸ್‌ನ ತರಂಗಗಳು ದೂರ ಸಾಗಿ ಗೋಡೆಯನ್ನೂ ದಾಟಿ ಬರುತ್ತವೆ, ಆದರೆ ಹೆಚ್ಚು ವೇಗವನ್ನು ಹೊರಲಾರವು. 5ಜಿಗೆ ಬಹಳ ಕಡೆ ಬಳಸುವ 3.5 ಗಿಗಾಹರ್ಟ್ಸ್ ಸುತ್ತಿನ ತರಂಗಗಳಲ್ಲಿ ವೇಗ ಹೆಚ್ಚು, ವ್ಯಾಪ್ತಿ ಕಡಿಮೆ. ಟವರ್ ಎರಡು ಮೂರು ಕಿಲೋಮೀಟರ್ ಆಚೆಗಿದ್ದರೆ 5ಜಿ ಎಂಬ ಹೆಸರಿಗೆ ಹೆಚ್ಚು ಬೆಲೆ ತೆರಬೇಕಾಗಿಲ್ಲ. ಇನ್ನು ಟವರಿನ ಸಾಮರ್ಥ್ಯ ಹಂಚಿಕೆಯದ್ದು. ಹಗಲು ಹೊತ್ತಿನಲ್ಲಿ ಒಮ್ಮೆ ಅಳೆದು ಬಂದರೆ ಸಾಲದು. ರಾತ್ರಿ ಎಂಟರಿಂದ ಹತ್ತರೊಳಗೆ, ಸಾಧ್ಯವಾದರೆ ವಾರಾಂತ್ಯದಲ್ಲಿ, ಅಳೆದ ವೇಗವನ್ನೇ ನಿಜವಾದ ವೇಗವೆಂದು ಹಿಡಿಯಬೇಕು.

ಉಪಗ್ರಹ ಸಂಪರ್ಕದಲ್ಲಿ ಎರಡು ಬಗೆಗಳಿವೆ, ಎರಡಕ್ಕೂ ಅಜಗಜಾಂತರ. ಹಳೆಯ ಬಗೆಯ ಭೂಸ್ಥಿರ ಉಪಗ್ರಹಗಳು ಸಮಭಾಜಕದ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿರುತ್ತವೆ. ಸಂಕೇತ ಮೇಲೆ ಹೋಗಿ ಕೆಳಗೆ ಬರಲು ಬೆಳಕಿನ ವೇಗದಲ್ಲೂ ಸುಮಾರು 240 ಮಿಲಿಸೆಕೆಂಡ್ ಬೇಕು, ಉತ್ತರಕ್ಕೆ ಮತ್ತೆ ಅಷ್ಟೇ. ಯಾವ ಕಂಪನಿ ಎಷ್ಟೇ ವೇಗದ ಪ್ಲಾನ್ ಕೊಟ್ಟರೂ ಇದನ್ನು ತಗ್ಗಿಸಲು ಆಗುವುದಿಲ್ಲ. ಇಮೇಲ್, ಸುದ್ದಿ, ಸಿನಿಮಾ ಇವಕ್ಕೆ ಅದು ಸಾಕು. ದಿನವಿಡೀ ವಿಡಿಯೊ ಸಭೆಗಳಲ್ಲಿ ಕೂರುವವರಿಗೆ, ಆನ್‌ಲೈನ್ ಆಟ ಆಡುವವರಿಗೆ ಹೊಂದುವುದಿಲ್ಲ. ಸ್ಟಾರ್‌ಲಿಂಕ್‌ನಂಥ ಕೆಳಕಕ್ಷೆಯ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿಯೇ ಸುತ್ತುವುದರಿಂದ ವಿಳಂಬ ಸಾಮಾನ್ಯವಾಗಿ ಕೆಲವು ಹತ್ತು ಮಿಲಿಸೆಕೆಂಡುಗಳಲ್ಲೇ ಮುಗಿಯುತ್ತದೆ, ಕರೆಗಳು ಸಲೀಸಾಗಿ ನಡೆಯುತ್ತವೆ.

ಆದರೆ ಈ ಉಪಗ್ರಹಗಳು ಆಕಾಶದಲ್ಲಿ ಚಲಿಸುತ್ತಲೇ ಇರುವುದರಿಂದ ಡಿಶ್‌ಗೆ ಒಂದು ಕಿಂಡಿಯಷ್ಟು ಆಕಾಶ ಸಾಲದು, ಅಗಲವಾದ ತೆರವು ಬೇಕು. ಒಂದು ಮರದ ತುದಿ ಅಡ್ಡ ಬಂದರೂ ಆಗಾಗ ಕೆಲವು ಸೆಕೆಂಡುಗಳ ಕಾಲ ಸಂಪರ್ಕ ಕಡಿದುಹೋಗುತ್ತದೆ. ಸಿನಿಮಾ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಕರೆಯಲ್ಲಿರುವವರಿಗೆ ಪ್ರತಿ ಸಲವೂ ಗೊತ್ತಾಗುತ್ತದೆ. ಕಂಪನಿಯ ಆ್ಯಪ್‌ನಲ್ಲಿ ಫೋನಿನ ಕ್ಯಾಮೆರಾವನ್ನು ಆಕಾಶಕ್ಕೆ ಹಿಡಿದು ಅಡೆತಡೆ ಎಷ್ಟಿದೆ ಎಂದು ಡಿಶ್ ಕೊಳ್ಳುವ ಮೊದಲೇ ನೋಡುವ ಸೌಲಭ್ಯ ಇದೆ, ಬಳಸಿಕೊಳ್ಳಿ. ಜಡಿಮಳೆಗೆ ಎರಡೂ ಬಗೆಯ ಸಂಕೇತ ಮಂಕಾಗುತ್ತದೆ. ಡಿಶ್ ಸಾಧಾರಣ ರೂಟರಿಗಿಂತ ಹೆಚ್ಚು ವಿದ್ಯುತ್ತನ್ನು ಸದಾ ಎಳೆಯುವುದರಿಂದ ಸೌರವಿದ್ಯುತ್ತಿನ ಮೇಲೆ ನಡೆಯುವ ಮನೆಗಳು ಆ ಲೆಕ್ಕವನ್ನೂ ಹಾಕಿಕೊಳ್ಳಬೇಕು. ನೀವು ಹೋಗುವ ದೇಶದಲ್ಲಿ ಆ ಸೇವೆಗೆ ಪರವಾನಗಿ ಇದೆಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಡಿಶ್ ಹೊತ್ತುಕೊಂಡು ಹೋಗಬಾರದು.

ಪ್ಲಾನಿನ ಸಣ್ಣ ಅಕ್ಷರ

ಮೊಬೈಲ್ ಮತ್ತು ಉಪಗ್ರಹ ಸಂಪರ್ಕಗಳಲ್ಲಿ "ಅನ್‌ಲಿಮಿಟೆಡ್" ಎಂಬ ಮಾತಿನ ಹಿಂದೆ ಬಹುತೇಕ ಒಂದು ಮಿತಿ ಇರುತ್ತದೆ. ಅದನ್ನು ದಾಟಿದ ಮೇಲೆ ವೇಗ ಎಷ್ಟಕ್ಕೆ ಇಳಿಯುತ್ತದೆ ಎಂಬುದನ್ನು ಕೇಳಲೇಬೇಕು. ಎಚ್‌ಡಿ ವಿಡಿಯೊ ಗಂಟೆಗೆ ಸುಮಾರು 3 ಜಿಬಿ, 4ಕೆ ಸುಮಾರು 7 ಜಿಬಿ ನುಂಗುತ್ತದೆ. ದಿನಕ್ಕೆ ಎರಡು ಗಂಟೆ ಎಚ್‌ಡಿ ನೋಡುವ ಮನೆಗೆ ತಿಂಗಳಿಗೆ ಅದೊಂದಕ್ಕೇ 180 ಜಿಬಿ ಬೇಕು, 100 ಜಿಬಿಯ ಪ್ಯಾಕ್ ಮೂರನೆಯ ವಾರದೊಳಗೇ ತಳ ಕಾಣುತ್ತದೆ.

ಕರಾರಿನ ಅವಧಿಯ ಬಗ್ಗೆ ನನ್ನ ಸಲಹೆ ಕಟ್ಟುನಿಟ್ಟಾದದ್ದು: ಗೊತ್ತಿಲ್ಲದ ಊರಿನಲ್ಲಿ ಮೊದಲ ಮೂರು ತಿಂಗಳು ತಿಂಗಳ ಲೆಕ್ಕದ ಪ್ಲಾನ್‌ನಲ್ಲೇ ಇರಿ, ಅದು ತುಸು ದುಬಾರಿಯಾದರೂ ಸರಿ. ಎರಡು ವರ್ಷದ ರಿಯಾಯಿತಿಯ ಆಸೆಗೆ ಬಿದ್ದವರು ಮಳೆಗಾಲದಲ್ಲಿ ಸಂಪರ್ಕ ಹೇಗಿರುತ್ತದೆ ಎಂದು ತಿಳಿಯುವ ಮೊದಲೇ ಸಹಿ ಹಾಕಿರುತ್ತಾರೆ.

ಮನೆಯ ಕ್ಯಾಮೆರಾವನ್ನೋ ಸ್ವಂತ ಸರ್ವರನ್ನೋ ಹೊರಗಿನಿಂದ ನೇರವಾಗಿ ತಲುಪಬೇಕಾದವರು ಇನ್ನೊಂದು ವಿಷಯ ಗಮನಿಸಬೇಕು. ಮೊಬೈಲ್, ಉಪಗ್ರಹ ಮತ್ತು ಹಲವು ಸಣ್ಣ ಕಂಪನಿಗಳ ಜಾಲಗಳಲ್ಲಿ ಒಂದೇ ಸಾರ್ವಜನಿಕ ಐಪಿ ವಿಳಾಸವನ್ನು ಅನೇಕ ಗ್ರಾಹಕರು ಹಂಚಿಕೊಂಡಿರುತ್ತಾರೆ, ಹಾಗಾಗಿ ಹೊರಗಿನಿಂದ ಬರುವ ಕೋರಿಕೆಗೆ ನಿಮ್ಮ ಮನೆಯ ದಾರಿ ಕಾಣುವುದಿಲ್ಲ. ರೂಟರಿನ ಪುಟದಲ್ಲಿ ಹೊರವಿಳಾಸವು 100.64ರಿಂದ 100.127ರವರೆಗಿನ ಸಂಖ್ಯೆಗಳಲ್ಲಿ ಶುರುವಾಗಿದ್ದರೆ ನೀವು ಆ ಹಂಚಿಕೆಯೊಳಗಿದ್ದೀರಿ ಎಂದರ್ಥ. ಉಳಿದವರು ಇದರ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಫೋನು: ಬೇರೆಯಾಗಿಯೇ ಯೋಚಿಸಬೇಕಾದ ವಿಷಯ

ಇಂಟರ್ನೆಟ್ ಇದ್ದರೆ ಫೋನ್ ತಾನಾಗಿ ಬರುತ್ತದೆ ಎಂಬ ಭಾವನೆ ಈಗ ಸಾಮಾನ್ಯ. ಆಯ್ಕೆ ಕಡಿಮೆ ಇರುವ ಕಡೆ ಅದೇ ಅಪಾಯ, ಏಕೆಂದರೆ ಒಂದು ಕೆಟ್ಟರೆ ಎರಡೂ ಹೋಗುತ್ತವೆ, ಕಂಪನಿಗೆ ದೂರು ಹೇಳಲೂ ದಾರಿ ಇರುವುದಿಲ್ಲ.

ಹಳೆಯ ತಾಮ್ರದ ಲ್ಯಾಂಡ್‌ಲೈನ್‌ಗೆ ಒಂದು ಗುಣವಿತ್ತು: ಎಕ್ಸ್‌ಚೇಂಜಿನ ಬ್ಯಾಟರಿಗಳಿಂದ ಸುಮಾರು 48 ವೋಲ್ಟ್ ವಿದ್ಯುತ್ತು ಅದೇ ತಂತಿಯಲ್ಲಿ ಬರುತ್ತಿದ್ದುದರಿಂದ ಮನೆಯಲ್ಲಿ ಕರೆಂಟ್ ಹೋದರೂ ಫೋನ್ ನಡೆಯುತ್ತಿತ್ತು. ಹಲವು ದೇಶಗಳು ಈ ಜಾಲವನ್ನು ಮುಚ್ಚುತ್ತಿವೆ. ಬ್ರಿಟನ್ ಅದಕ್ಕೆ 2027ರ ಜನವರಿಯ ಗಡುವು ಇಟ್ಟುಕೊಂಡಿದೆ. ಆದ್ದರಿಂದ ತಾಮ್ರದ ಫೋನ್ ಸಿಗುತ್ತದೆ ಎಂದರೆ ಇನ್ನೆಷ್ಟು ಕಾಲ ಎಂದೂ ಕೇಳಬೇಕು. ಫೈಬರಿನ ಮೇಲೆ ಬರುವ ಲ್ಯಾಂಡ್‌ಲೈನ್ ನೋಡಲು ಹಾಗೆಯೇ ಇದ್ದರೂ ಮನೆಯ ಪೆಟ್ಟಿಗೆಗೆ ಕರೆಂಟ್ ಇಲ್ಲದಿದ್ದರೆ ಸುಮ್ಮನಾಗುತ್ತದೆ. ಫೈಬರ್ ಪೆಟ್ಟಿಗೆ ಮತ್ತು ರೂಟರ್ ಸೇರಿ 20 ವ್ಯಾಟ್ ಬಳಸುತ್ತವೆ ಎಂದಿಟ್ಟುಕೊಂಡರೆ 12 ವೋಲ್ಟ್, 7 ಆಂಪಿಯರ್-ಅವರ್‌ನ ಒಂದು ಚಿಕ್ಕ ಬ್ಯಾಟರಿ ಸುಮಾರು ಮೂರು ಗಂಟೆ ಅವನ್ನು ಉಳಿಸುತ್ತದೆ. ವೃದ್ಧರು ಇರುವ ಮನೆಯಲ್ಲಿ, ತುರ್ತು ಗುಂಡಿಯ ಉಪಕರಣ ಫೋನ್ ತಂತಿಗೆ ಜೋಡಿಸಿರುವ ಮನೆಯಲ್ಲಿ ಇದನ್ನು ಬಿಡುವಂತಿಲ್ಲ. ಆ ಉಪಕರಣ ಹೊಸ ಬಗೆಯ ಲೈನ್ ಮೇಲೆ ನಡೆಯುತ್ತದೆಯೇ ಎಂದು ತಯಾರಕರನ್ನೇ ಕೇಳಬೇಕು.

ಮೊಬೈಲ್ ಸಿಗ್ನಲ್ ಮನೆಯೊಳಗೆ ದುರ್ಬಲವಾಗಿದ್ದರೆ ವೈಫೈ ಕಾಲಿಂಗ್ ಬಹುದೊಡ್ಡ ಉಪಕಾರ. ಒಂದು ಕರೆಗೆ ಎರಡೂ ದಿಕ್ಕಿನಲ್ಲಿ ತಲಾ 100 ಕೆಬಿಪಿಎಸ್ ಸಿಕ್ಕರೆ ಧಾರಾಳವಾಯಿತು, ಹಾಗಾಗಿ ನಿಧಾನದ ಇಂಟರ್ನೆಟ್ಟಿನಲ್ಲೂ ಅದು ನಡೆಯುತ್ತದೆ. ಆದರೆ ನಿಮ್ಮ ಫೋನಿನ ಮಾದರಿಗೆ ಆ ಕಂಪನಿ ಅನುಮತಿ ಕೊಟ್ಟಿರಬೇಕು. ವಿದೇಶದಲ್ಲಿ ಕೊಂಡ ಫೋನುಗಳಲ್ಲಿ ಇದು ಹಲವು ಬಾರಿ ಕೈಕೊಡುತ್ತದೆ. 4ಜಿ ಜಾಲದ ಮೇಲೆಯೇ ಮಾಮೂಲು ಕರೆ ನಡೆಸುವ ವೋಲ್ಟಿಯ (VoLTE) ವಿಚಾರವೂ ಹೀಗೆಯೇ: ಹಳೆಯ 2ಜಿ, 3ಜಿ ಮುಚ್ಚಿಹೋದ ಜಾಲದಲ್ಲಿ ವೋಲ್ಟಿ ನಡೆಯದ ಫೋನಿನಿಂದ ಇಂಟರ್ನೆಟ್ ಬಳಸಬಹುದೇ ಹೊರತು ಮಾಮೂಲು ಕರೆ ಮಾಡಲಾಗುವುದಿಲ್ಲ. ವೈಫೈ ಅಥವಾ ಇಂಟರ್ನೆಟ್ ಮೂಲಕ ತುರ್ತು ಸಂಖ್ಯೆಗೆ ಕರೆ ಮಾಡಿದಾಗ ನೀವು ಎಲ್ಲಿದ್ದೀರಿ ಎಂಬುದು ಅವರಿಗೆ ಸರಿಯಾಗಿ ತಿಳಿಯದೆ ಹೋಗಬಹುದು, ಆದ್ದರಿಂದ ಕಂಪನಿಯ ಖಾತೆಯಲ್ಲಿ ಹೊಸ ವಿಳಾಸವನ್ನು ಮೊದಲ ದಿನವೇ ನಮೂದಿಸಿ, ಮನೆಯವರೆಲ್ಲರಿಗೂ ಪೂರ್ತಿ ವಿಳಾಸ ಬಾಯಿಪಾಠವಾಗಿರಲಿ. ಬ್ಯಾಂಕಿನ ಒಟಿಪಿ ವೈಫೈ ಮೂಲಕ ಬರುತ್ತದೆಯೇ ಎಂಬುದನ್ನೂ ಹಳೆಯ ಮನೆಯಲ್ಲಿರುವಾಗಲೇ, ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ವೈಫೈ ಮಾತ್ರ ತೆರೆದಿಟ್ಟು, ಪರೀಕ್ಷಿಸಿ ನೋಡಬಹುದು.

ಈಗ ನೆರೆಯವರಿಗೆ ಕೇಳಿದ ಮೊದಲ ಪ್ರಶ್ನೆಗೆ ಬರೋಣ. ಎರಡು ಸಂಪರ್ಕಗಳನ್ನು ಇಟ್ಟುಕೊಳ್ಳುವುದಾದರೆ ಅವು ಬೇರೆ ಬೇರೆ ಕಾರಣಕ್ಕೆ ಕೆಡುವಂಥವಾಗಿರಬೇಕು. ಮನೆಗೆ 4ಜಿ ರೂಟರ್, ಕೈಯಲ್ಲಿ ಅದೇ ಕಂಪನಿಯ ಸಿಮ್ ಇದ್ದರೆ ಇರುವುದು ಒಂದೇ ಸಂಪರ್ಕ. ಮನೆಗೆ ಫೈಬರ್, ಕೈಯಲ್ಲಿ ಬೇರೆ ಕಂಪನಿಯ ಸಿಮ್ ಎಂದರೆ ಮೇಲ್ನೋಟಕ್ಕೆ ಎರಡು. ಆದರೆ ಆ ಟವರಿಗೂ ಇಂಟರ್ನೆಟ್ ಬರುವುದು ಹೆದ್ದಾರಿಯ ಬದಿಯ ಅದೇ ಫೈಬರಿನಿಂದಲೇ ಆಗಿದ್ದರೆ ಒಂದೇ ಅಗೆತಕ್ಕೆ ಎರಡೂ ಮಲಗುತ್ತವೆ. "ಇಂಟರ್ನೆಟ್ ಹೋದಾಗ ಮೊಬೈಲೂ ಹೋಗಿತ್ತು" ಎಂದು ನೆರೆಯವರು ಹೇಳಿದರೆ ಇದನ್ನೇ ಶಂಕಿಸಬೇಕು. ಅಂಥ ಕಡೆ ಸಂಪಾದನೆಯೇ ಇಂಟರ್ನೆಟ್ಟಿನ ಮೇಲೆ ನಿಂತಿರುವವರು ತಂತಿ ಅಥವಾ ಟವರಿನ ಜೊತೆಗೆ ಕೆಳಕಕ್ಷೆಯ ಉಪಗ್ರಹವನ್ನು ಯೋಚಿಸುವುದು ನ್ಯಾಯವಾದ ಖರ್ಚು. ಉಳಿದವರಿಗೆ ಬೇರೆ ಟವರಿನ ಒಂದು ಪ್ರೀಪೇಯ್ಡ್ ಸಿಮ್, ಅದಕ್ಕೆ ಕನಿಷ್ಠ ರೀಚಾರ್ಜ್, ಇಷ್ಟು ಸಾಕು.

ಬದಲಾವಣೆಯ ವಾರ

ಹೊಸ ಸಂಪರ್ಕಕ್ಕೆ ಮನೆ ಬದಲಿಸುವ ಒಂದು ತಿಂಗಳ ಮೊದಲೇ ಅರ್ಜಿ ಹಾಕಿ. ಜೋಡಣೆಯ ದಿನ ಮುಂದೆ ಹೋಗುವ ಸಂಭವ ಇದ್ದೇ ಇರುವುದರಿಂದ ಮೊದಲ ಹದಿನೈದು ದಿನಕ್ಕೆ ಸಾಕಾಗುವಷ್ಟು ಮೊಬೈಲ್ ಡೇಟಾ ಕೈಯಲ್ಲಿರಲಿ. ತಂತ್ರಜ್ಞರು ಬಂದು ಜೋಡಿಸಿದಾಗ ಲ್ಯಾಪ್‌ಟಾಪನ್ನು ರೂಟರಿಗೆ ಕೇಬಲ್ಲಿನಿಂದ ಸೇರಿಸಿ, ಅವರು ಅಲ್ಲಿರುವಾಗಲೇ ವೇಗ ಪರೀಕ್ಷಿಸಿ, ಪರದೆಯ ಚಿತ್ರ ಉಳಿಸಿಕೊಳ್ಳಿ. ವೈಫೈನಲ್ಲಿ ಅಳೆದರೆ ದೋಷ ಲೈನಿನದೋ ಗೋಡೆಯದೋ ಎಂದು ಹೇಳಲಾಗದು. ಒಂದು ದೊಡ್ಡ ಕಡತವನ್ನು ಅಪ್‌ಲೋಡ್‌ಗೆ ಹಾಕಿ, ಅದು ಹೋಗುತ್ತಿರುವಾಗಲೇ ಪಿಂಗ್ ನೋಡಿ. 30ರಲ್ಲಿದ್ದ ಪಿಂಗ್ 400ಕ್ಕೆ ಹಾರಿದರೆ, ಮನೆಯಲ್ಲಿ ಒಬ್ಬರು ಫೋಟೊ ಕಳಿಸುವಾಗ ಇನ್ನೊಬ್ಬರ ಕರೆ ಒಡೆಯುತ್ತದೆ ಎಂದೇ ಅರ್ಥ. ಆಗ ದೊಡ್ಡ ಕಡತದ ಹಿಂದೆ ಕರೆಯ ಸಂಕೇತ ಕಾದು ನಿಲ್ಲದಂತೆ ನೋಡಿಕೊಳ್ಳುವ ಸರದಿ ನಿಯಂತ್ರಣದ (SQM) ಸೌಲಭ್ಯವಿರುವ ರೂಟರ್ ಹಾಕಿದರೆ ಬಹಳ ಮಟ್ಟಿಗೆ ಸುಧಾರಿಸುತ್ತದೆ, ಹೆಚ್ಚಿನ ವೇಗದ ಪ್ಲಾನ್ ಕೊಳ್ಳಬೇಕಾಗಿಲ್ಲ.

ಹಳೆಯ ಸಂಖ್ಯೆಯನ್ನು ಹೊಸ ಕಂಪನಿಗೆ ಪೋರ್ಟ್ ಮಾಡುವುದಿದ್ದರೆ ಹಳೆಯ ಸಂಪರ್ಕವನ್ನು ಮೊದಲು ರದ್ದು ಮಾಡಬೇಡಿ. ರದ್ದಾದ ಸಂಖ್ಯೆಯನ್ನು ಸಾಮಾನ್ಯವಾಗಿ ಪೋರ್ಟ್ ಮಾಡಲು ಬರುವುದಿಲ್ಲ. ಹೊಸ ಸಿಮ್‌ನಲ್ಲಿ ಒಳಕರೆ, ಹೊರಕರೆ, ಎಸ್‌ಎಂಎಸ್ ಮೂರೂ ನಡೆಯುತ್ತಿವೆ ಎಂದು ನೋಡಿಕೊಂಡ ಮೇಲೆ ಹಳೆಯ ಮನೆಯ ಇಂಟರ್ನೆಟ್ಟನ್ನು ಲಿಖಿತವಾಗಿ ನಿಲ್ಲಿಸಿ, ರೂಟರನ್ನು ಅದರ ಅಡಾಪ್ಟರ್ ಸಮೇತ ಹಿಂದಿರುಗಿಸಿ, ಸೀರಿಯಲ್ ಸಂಖ್ಯೆ ಬರೆದ ರಸೀದಿಯನ್ನು ಠೇವಣಿ ಕೈಸೇರುವವರೆಗೆ ಇಟ್ಟುಕೊಳ್ಳಿ.